ಈರಮ್ಮ ಹತ್ತಿದ ಮಾಳಿಗೆಗಳು

ಮಳೆ ನಿಂತು ಮತ್ತೆ ಬಿಸಿಲು ಕಾಯ್ದ ಒಂದು ನಡುಮಧ್ಯಾಹ್ನ, ಕಾಗೆ ಕೂಡ ಕಾಲೂರಲು ಹಿಂಜರಿಯುವಂಥ ಮಾಳಿಗೆಯ ಮೇಲೆ ಈರಮ್ಮ ಬರಿಗಾಲಲ್ಲಿ ನಡೆಯುತ್ತಿದ್ದಳು. ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲೇ ಬಿಟ್ಟು, ಸೀರೆಯನ್ನು ಮೊಳಕಾಲವರೆಗೆ ಎತ್ತಿ ಕಟ್ಟಿ, ಕಣ್ಣು ಮುಚ್ಚಿಕೊಂಡು, ಒಂದೊಂದೇ ಅಂಗಾಲನ್ನು ಪೂರ್ತಿ ಊರಿ ಹೆಜ್ಜೆ ಹಾಕುತ್ತಿದ್ದಳು. ಎಲ್ಲೋ ಒಂದು ಕಡೆ ನಿಂತುಬಿಡುವಳು. ಅರ್ಧ ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಮುಂದೆ. ಆಮೇಲೆ ಸೊಂಟದಲ್ಲಿ ಸಿಕ್ಕಿಸಿದ ಸುಣ್ಣದಕಡ್ಡಿ ತೆಗೆದು ಅಲ್ಲೊಂದು ಗೆರೆ ಎಳೆಯುವಳು.

"ಇಲ್ಲಿ ಕಾಲು ಸುಡವಲ್ದು ನೋಡ್ರಿ ಯಕ್ಕಾರ. ಸುತ್ತಮುತ್ತ ಕಾದ ಹಂಚಿನಂಗ ಆಗೇತಿ, ಇಷ್ಟ ಜಾಗಾ ಮಾತ್ರ ತಂಪೈತಿ. ಒಳಗ ನೀರು ಕುಂತೈತಿ."

ಆಕೆಯ ಅಂಗಾಲು ತಪ್ಪು ಹೇಳಿದ್ದನ್ನು ನಾನು ಕಾಣೆ. ಆಕೆ ತಪ್ಪಿದ್ದು ಬೇರೆ ಕಡೆ, ಅದನ್ನು ಮುಂದೆ ಹೇಳುತ್ತೇನೆ.

ಹೈದರಾಬಾದಿನ ನಾಂಪಲ್ಲಿಯಲ್ಲಿ, ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ನಮ್ಮ ಮಾವನವರ ತಂದೆ ಕಲಬುರಗಿಯ ಕಡೆಯಿಂದ ಸರಕಾರಿ ನೌಕರಿಗೆ ಬಂದು ಕಟ್ಟಿಸಿದ್ದು. ಕಬ್ಬಿಣದ ತೊಲೆಗಳ ಮೇಲೆ ಶಹಾಬಾದಿ ಕಲ್ಲು ಹಾಸಿ, ಅದರ ಮೇಲೆ ಸುಣ್ಣದ ಗಚ್ಚು ಬಡಿದ ಹಳೆಯ ಕಾಲದ ಮಾಳಿಗೆ. ಹದಿನೆಂಟು ವರ್ಷಗಳ ಹಿಂದೆ, ಮಳೆಗಾಲ ಶುರುವಾದೊಡನೆ, ನಡುಮನೆಯಲ್ಲಿ ಮತ್ತೆ ನೀರು ತೊಟ್ಟಿಕ್ಕತೊಡಗಿತು. ಅದಕ್ಕೂ ಹಿಂದೆ ಸೋರಿದಾಗ ಒಬ್ಬ ಗುತ್ತಿಗೆದಾರ ಮಾಳಿಗೆಯ ತುಂಬ ಸಿಮೆಂಟು ಬಳಿದು ಹೋಗಿದ್ದ. ಇನ್ನೊಬ್ಬ ಅದರ ಮೇಲೆ ಡಾಂಬರಿನ ಹಾಳೆ ಅಂಟಿಸಿದ್ದ. ಮೂರನೆಯವನು ಬಂದು, ಇದನ್ನೆಲ್ಲ ಕೆಡವಿ ಸ್ಲ್ಯಾಬು ಹಾಕದೆ ಗತಿಯಿಲ್ಲ ಎಂದ. ಮಳೆ ಬಿಡುವು ಕೊಟ್ಟ ಒಂದು ಬಿಸಿಲಿನ ದಿನ ನಾನೂ ನಮ್ಮ ಯಜಮಾನರೂ ಮಾಳಿಗೆಯ ಮೇಲೆ ನಿಂತು, ಕೆಡವಬೇಕೋ ಬೇಡವೋ ಎಂದು ಏರುದನಿಯಲ್ಲಿ ವಾದಿಸುತ್ತಿದ್ದೆವು. ಪಕ್ಕದಲ್ಲಿ ಒಂದು ಹೊಸ ಕಟ್ಟಡ ಏಳುತ್ತಿತ್ತು. ಅದರ ಮೇಲಿನಿಂದ, ತಲೆಯ ಮೇಲೆ ಇಟ್ಟಿಗೆ ಹೊತ್ತ ಒಬ್ಬ ಹೆಂಗಸು ಕೂಗಿದಳು:

"ಕೆಡವಬ್ಯಾಡ್ರಿ ಯಕ್ಕಾರ! ಛಲೋ ಗಚ್ಚು ಐತಿ ಅದು. ಸಿಮೆಂಟ್ ಬಡದು ಅದರ ಉಸಿರು ಕಟ್ಟ್ಯಾರ."

ಹೊಸ್ತಿಲು ದಾಟಿದರೆ ತೆಲುಗು ಇಲ್ಲವೇ ಹಿಂದಿ ಆಡಿ ರೂಢಿಯಾದ ನಮಗೆ, ಕನ್ನಡದಲ್ಲಿ ಜಗಳವಾಡಿದರೆ ಗಲ್ಲಿಯಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯವಿತ್ತು. ಯಜಮಾನರು ನಾಚಿ ಕೆಳಗಿಳಿದುಹೋದರು. ನಾನು ಆಕೆಯನ್ನು ಕರೆದೆ. ಊಟದ ಬಿಡುವಿನಲ್ಲಿ ಬಂದಳು. ನೀರು ಬೇಕೇ ಎಂದರೆ, "ಮೊದಲ ಮಾಳಿಗಿ ನೋಡೂಣ್ರಿ" ಎಂದು ಮೇಲೆ ಹತ್ತಿದಳು.

ಸುಣ್ಣದ ಗೆರೆ ಬಿದ್ದದ್ದು ನೀರು ತೊಟ್ಟಿಕ್ಕುವ ಜಾಗದಿಂದ ಹತ್ತು ಅಡಿ ಆಚೆ, ಮಳೆನೀರು ಹೊರಗೆ ಬೀಳುವ ದೋಣಿಯ ಮಗ್ಗುಲಲ್ಲಿ. ನಾನು ಅನುಮಾನಿಸಿದೆ.

"ಬೀಳೋ ಜಾಗಾ ನೋಡಿ ಏನ್ ಮಾಡ್ತೀರಿ? ನೀರು ಕಲ್ಲಿನ ಸಂದಿ ಹಿಡಕೊಂಡು ಎಲ್ಲಿಂದ್ಲೋ ಬಂದು ಅಲ್ಲಿ ಬೀಳತೈತಿ. ಹೊಕ್ಕ ಜಾಗಾ ಹುಡುಕಬೇಕ್ರಿ."

ಅಲ್ಲಿನ ಡಾಂಬರಿನ ಹಾಳೆ ಸೀಳಿ, ಉಳಿ ಹಿಡಿದು ಸಿಮೆಂಟನ್ನು ಎಬ್ಬಿಸಿದಳು. ಕೆಳಗೆ, ನೂಲಿನಷ್ಟು ತೆಳ್ಳಗಿನ ಅರಳಿಯ ಬೇರುಗಳು ಹೆಣೆದುಕೊಂಡು ಬಲೆಯಂತೆ ಹರಡಿದ್ದವು. ಇಬ್ಬರು ಗುತ್ತಿಗೆದಾರರೂ ಅದರ ಮೇಲೆಯೇ ಬಳಿದು, ಅಂಟಿಸಿ ಹೋಗಿದ್ದರು.

ಈರಮ್ಮ ಶಹಾಪುರದ ಕಡೆಯವಳು. ಆಕೆಯ ಊರಿನಲ್ಲಿ ಮಣ್ಣಿನ ಮಾಳಿಗೆಯ ಮನೆಗಳು. ಪ್ರತಿ ವರ್ಷ ಮಳೆಗೆ ಮುಂಚೆ ಅವುಗಳ ಮೇಲೆ ಹೊಸ ಮಣ್ಣು ಹರಡಿ ತುಳಿಯಬೇಕು. ಆಕೆಯ ಅಪ್ಪ ಅದೇ ಕೆಲಸದವನು. ಮಗಳು ಮಣ್ಣಿನ ಬುಟ್ಟಿ ಹೊತ್ತು ಏಣಿ ಹತ್ತುತ್ತಾ ಬೆಳೆದಳು. ಗಂಡ ತೀರಿಕೊಂಡ ಮೇಲೆ ಹೈದರಾಬಾದಿಗೆ ಬಂದು ಕಟ್ಟಡಗಳಲ್ಲಿ ಇಟ್ಟಿಗೆ ಹೊರತೊಡಗಿದಳು. ನಗರದ ಹಳೆಯ ಭಾಗದಲ್ಲಿ ಒಂದು ದೊಡ್ಡ ಮನೆಯ ದುರಸ್ತಿಯಲ್ಲಿ ಎರಡು ವರ್ಷ ದುಡಿದಾಗ, ಅಲ್ಲಿದ್ದ ವಯಸ್ಸಾದ ಉಸ್ತಾದರೊಬ್ಬರು ಆಕೆಗೆ ಗಚ್ಚಿನ ಕೆಲಸ ಹೇಳಿಕೊಟ್ಟಿದ್ದರು. ಅವರ ಹೆಸರು ಬಂದಾಗಲೆಲ್ಲ ಗೌರವದಿಂದ ಕಿವಿ ಮುಟ್ಟಿಕೊಳ್ಳುತ್ತಿದ್ದಳು.

ನಮ್ಮ ಮನೆಯ ಕೆಲಸ ಮೂರು ವಾರ ನಡೆಯಿತು. ಹಾಳೆಯನ್ನೂ ಸಿಮೆಂಟನ್ನೂ ಪೂರ್ತಿ ಕಿತ್ತು, ಬೇರುಗಳನ್ನು ಒಂದೊಂದಾಗಿ ಹಿಡಿದು ತೆಗೆದಳು. ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿ, ಬೆಲ್ಲದ ನೀರು ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ಕೊಳೆಯಲು ಬಿಟ್ಟಳು. ಆಕೆಯೂ, ಸೊಸೆ ರೇಣುಕಾಳೂ, ಇನ್ನಿಬ್ಬರು ಹೆಂಗಸರೂ ಸಾಲಾಗಿ ಕುಳಿತು ಕಟ್ಟಿಗೆಯ ಬಡಿಗೆಯಿಂದ ಗಚ್ಚು ಬಡಿದರು. ಯಜಮಾನರು ಸಂಜೆ ಆಫೀಸಿನಿಂದ ಬಂದವರೇ ಮೇಲೆ ಹೋಗಿ ನೋಡಿ, "ಇನ್ನೂ ಮುಗಿದಿಲ್ಲೇನು?" ಎನ್ನುತ್ತಿದ್ದರು. ಈರಮ್ಮ ತಲೆ ಎತ್ತದೆ, "ಮುಗದರ ನಾನ ಕೆಳಗ ಇಳೀತೀನ್ರಿ ಸಾಹೇಬ್ರ" ಎನ್ನುತ್ತಿದ್ದಳು. ಆಮೇಲೆ ಎಷ್ಟೋ ಮಳೆಗಾಲ ಕಳೆದವು. ಆ ನಡುಮನೆಯಲ್ಲಿ ಮತ್ತೆ ಒಂದು ಹನಿ ಬಿದ್ದಿಲ್ಲ.

ಅಲ್ಲಿಂದ ಆಕೆ ಇಟ್ಟಿಗೆ ಹೊರುವುದನ್ನು ಬಿಟ್ಟಳು. ಹೆಂಗಸರದೇ ಒಂದು ತಂಡ ಕಟ್ಟಿಕೊಂಡು ಮಾಳಿಗೆಯ ಕೆಲಸಕ್ಕೇ ನಿಂತಳು. ನಾನು ಪರಿಚಯದವರಿಗೆಲ್ಲ ಆಕೆಯ ಹೆಸರು ಹೇಳಿದೆ. ಹೀಗೆ ಹೇಳಿದ್ದರಿಂದ ನನಗೆ ಆಕೆ ಕೆಲಸ ಮಾಡುವ ರೀತಿ ನೋಡುವ ಅವಕಾಶ ಸಿಕ್ಕಿತು. ಹೊಸ ಮನೆಗೆ, ಅಂಗಡಿಗೆ, ಗೋದಾಮಿಗೆ ಯಾವ ಛಾವಣಿ ಹಾಕಬೇಕೆಂದು ಯಾರಾದರೂ ಕೇಳಿದರೆ ಆಕೆ ಉತ್ತರ ಕೊಡುತ್ತಿರಲಿಲ್ಲ, ತಿರುಗಿ ಕೇಳುತ್ತಿದ್ದಳು. ಕೆಳಗ ಏನು ಇಡ್ತೀರಿ? ಮ್ಯಾಲ ಯಾರು ಹತ್ತತಾರ? ಮಗ್ಗುಲಾಗ ಗಿಡ ಯಾವುದೈತಿ? ಕಡೆಗೆ, ಎಲ್ಲರೂ ತಡವರಿಸುವ ಪ್ರಶ್ನೆ: "ಗುಡಸೋರು ಯಾರು?"

ಅಬಿಡ್ಸಿನಲ್ಲಿ ನನಗೆ ಗೊತ್ತಿದ್ದ ಒಂದು ಪುಸ್ತಕದಂಗಡಿಯ ಮೇಲಂತಸ್ತಿಗೆ ತಗಡಿನ ಛಾವಣಿ ಇತ್ತು. ಪುಸ್ತಕದ ಗಂಟುಗಳು ನೆನೆಯುತ್ತಿವೆಯೆಂದು ಅಂಗಡಿಯ ಯಜಮಾನರು ಅಷ್ಟೂ ತಗಡು ಬದಲಿಸಲು ತಯಾರಾಗಿದ್ದರು. "ಪೂರಾ ನಿಕಾಲ್ ದೋ ಅಮ್ಮಾ, ನಯಾ ಡಾಲ್ ದೋ" ಎಂದರು. ಎಲ್ಲ ತೆಗೆದು ಹೊಸದು ಹಾಕು ಎಂದು ತಾನಾಗಿ ಮನೆಬಾಗಿಲಿಗೆ ಬಂದ ಕೆಲಸ. ಈರಮ್ಮ ಏಣಿ ಹತ್ತಿ ನೋಡಿ ಬಂದು, ತನ್ನ ಹರಕು ಹಿಂದಿಯಲ್ಲಿ ತಗಡು ಚೆನ್ನಾಗಿದೆ, ಮೊಳೆ ಹೊಡೆದವನಿಗೆ ಬುದ್ಧಿ ಇರಲಿಲ್ಲ ಎಂದಳು. ತಗಡಿನ ಏರಿನ ಮೇಲೆ ಹೊಡೆಯಬೇಕಾದ ಸ್ಕ್ರೂಗಳನ್ನು ನೀರು ಹರಿಯುವ ತಗ್ಗಿನಲ್ಲಿ ಹೊಡೆದಿದ್ದರು; ರಬ್ಬರಿನ ಬಿಲ್ಲೆಗಳು ಬಿಸಿಲಿಗೆ ಬಿರಿದಿದ್ದವು. ಹಳೆಯ ತೂತು ಮುಚ್ಚಿ, ಹೊಸ ಸ್ಕ್ರೂ ಹಾಕಿ, ದೋಣಿ ಸ್ವಚ್ಛ ಮಾಡಿ ಕೆಳಗಿಳಿದಳು. ದಾರಿಯಲ್ಲಿ ನಾನು, "ಅಲ್ಲ ಈರಮ್ಮ, ಅವರಾಗಿಯೇ ಕೊಡುತ್ತಿದ್ದ ದೊಡ್ಡ ಕೆಲಸ ಬಿಟ್ಟೆಯಲ್ಲ?" ಎಂದೆ.

"ಆ ತಗಡಿಗಿ ಇನ್ನಾ ಹತ್ತು ವರ್ಷ ಆಯುಷ್ಯ ಐತ್ರಿ. ಜೀವ ಇದ್ದದ್ದನ್ನ ಹ್ಯಾಂಗ ಕಿತ್ತು ಒಗೀಲಿ?"

ಪ್ರತಿ ವರ್ಷ ಯುಗಾದಿ ಕಳೆದ ವಾರದಲ್ಲಿ ಆಕೆಯ ಫೋನು ಬರುತ್ತಿತ್ತು. ಹಬ್ಬ ಹೇಗಾಯಿತು ಎಂದು ಕೇಳುವ ಮೊದಲೇ, "ಮಾಳಿಗಿ ಪೈಪಿನ ಬಾಯಿ ನೋಡೀರೇನ್ರಿ?" ಒಂದು ವರ್ಷ ನಾನು ಸೋಮಾರಿತನಕ್ಕೆ, ನೋಡಿದೆ, ಸ್ವಚ್ಛ ಮಾಡಿಸಿದೆ ಎಂದುಬಿಟ್ಟೆ.

"ಏನು ಸಿಕ್ತು?"

"ಏನು ಸಿಗುತ್ತೆ? ಕಸ."

"ಪತಂಗದ ದಾರ ಸಿಗಲಿಲ್ಲೇನ್ರಿ? ಸಂಕ್ರಾಂತಿ ಆದ ಮ್ಯಾಲೆ ಹೈದರಾಬಾದಿನಾಗ ದಾರ ಸಿಗದ ಪೈಪ್ ನಾ ಒಂದೂ ಕಂಡಿಲ್ಲ."

ಮರುದಿನ ಬೆಳಿಗ್ಗೆ ತಾನೇ ಬಂದು, ಪೈಪಿನಿಂದ ಒಂದು ಹಿಡಿ ಮಾಂಜಾ, ಎರಡು ಹರಿದ ಗಾಳಿಪಟ, ಪಾರಿವಾಳದ ಗರಿ ತೆಗೆದು ನನ್ನ ಮುಂದೆ ಇಟ್ಟು, ಚಹಾ ಕುಡಿದು ಹೋದಳು. ಆಮೇಲೆ ನಾನು ಆಕೆಗೆ ಸುಳ್ಳು ಹೇಳಲಿಲ್ಲ.

ಆಕೆ ತಪ್ಪಿದ ಕಥೆ ಗಚ್ಚಿಬೌಲಿಯದು. ಅಲ್ಲಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆ. ಎರಡು ಕಟ್ಟಡಗಳು ಮಗ್ಗುಲಿಗೆ ಮಗ್ಗುಲಾಗಿ ನಿಂತಿದ್ದವು, ಮಾಳಿಗೆಯಲ್ಲಿ ಅವುಗಳ ನಡುವೆ ಎರಡು ಬೆರಳಿನಷ್ಟು ಬಿರುಕು. ಈರಮ್ಮ ಅದರಲ್ಲಿ ಗಚ್ಚು ತುಂಬಿ ಗಟ್ಟಿಯಾಗಿ ಬಡಿದು ಮುಚ್ಚಿದಳು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದು ಬಿರಿದು, ಮಳೆಗಾಲದಲ್ಲಿ ಮೇಲಿನ ನಾಲ್ಕು ಮನೆಗಳಿಗೆ ನೀರು ಇಳಿಯಿತು. ಸಹೋದ್ಯೋಗಿ ನನ್ನ ಮೇಲೆ ಸಿಟ್ಟಾದರು. ನಾನೂ ಆಕೆಯ ಜತೆ ಹೋದೆ. ಅಲ್ಲಿ ಜೀನ್ಸು ತೊಟ್ಟ ಒಬ್ಬ ಎಳೆಯ ಇಂಜಿನಿಯರ್ ಹುಡುಗಿ ಇದ್ದಳು. ಅದು ಬಿರುಕಲ್ಲ, ಬೇಕೆಂದೇ ಬಿಟ್ಟ ಸಂದು, ಬಿಸಿಲಿಗೆ ಕಟ್ಟಡಗಳು ಹಿಗ್ಗುತ್ತವೆ, ಸಂಜೆ ಕುಗ್ಗುತ್ತವೆ ಎಂದು ಆಕೆ ತೆಲುಗಿನಲ್ಲಿ ವಿವರಿಸಿದಳು. ಈರಮ್ಮ ಸಂದಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಕೈಯಿಂದ ಅದನ್ನು ಸವರುತ್ತಾ ಕೇಳಿದಳು.

"ತಪ್ಪು ನಂದ್ರಿ" ಎಂದು ಎಲ್ಲರ ಮುಂದೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಎರಡೂ ಮನಿ ಉಸಿರಾಡಲಿ ಅಂತ ಬಿಟ್ಟ ಜಾಗಾರಿ ಅದು. ನಾ ಅದರ ಬಾಯಾಗ ಗಚ್ಚು ತುರುಕೀನಿ. ಸಿಮೆಂಟಿನವಗ ಬೈದಾಕಿ ನಾನೂ ಅದನ್ನ ಮಾಡಿದ್ನಲ್ರಿ" ಎಂದಳು. ಕಣ್ಣಲ್ಲಿ ನೀರಿತ್ತು.

ತುಂಬಿದ್ದನ್ನೆಲ್ಲ ತಾನೇ ಕಿತ್ತಳು. ಮುಂದೆ ನಾಲ್ಕು ಭಾನುವಾರ ಆ ಹುಡುಗಿಯ ಹಿಂದೆ ಬಿದ್ದು, ರಬ್ಬರಿನಂತೆ ಎಳೆದರೆ ಹಿಗ್ಗುವ ಮೇಣ ತುಂಬುವುದನ್ನೂ, ಅದರ ಮೇಲೆ ತಗಡಿನ ಪಟ್ಟಿ ಹೊದಿಸುವುದನ್ನೂ, ಉರಿಯಲ್ಲಿ ಹಾಳೆ ಅಂಟಿಸುವುದನ್ನೂ ಕಲಿತಳು. ಆಗ ಆಕೆಗೆ ಐವತ್ತರ ಮೇಲಾಗಿತ್ತು. ಓದು ಬರಹ ಬಾರದಿದ್ದ ಆಕೆ ಡಬ್ಬಿಗಳ ಮೇಲಿನ ಬಣ್ಣ ನೋಡಿ ಯಾವುದು ಯಾವುದಕ್ಕೆಂದು ನೆನಪಿಟ್ಟುಕೊಂಡಳು. ಆ ಸಂದನ್ನು ಮತ್ತೆ ಮುಚ್ಚಿದ್ದು ಆಕೆಯೇ.

ಇನ್ನು ನನ್ನ ಮಗಳು ವಿದ್ಯಾಳ ಮದುವೆಯ ಸಂಗತಿ. ನಮ್ಮ ಕನ್ನಡಿಗರ ಸಂಘಕ್ಕೆ ಒಂದು ಹಳೆಯ ಸಭಾಭವನವಿತ್ತು. ಕಲ್ಲಿನ ಗೋಡೆ, ಮರದ ತೊಲೆಗಳು, ಮೇಲೆ ಕೆಂಪು ಹಂಚು. ನನ್ನ ಮದುವೆ ಅಲ್ಲೇ ಆಗಿದ್ದರಿಂದ ಮಗಳದೂ ಅಲ್ಲೇ ಆಗಬೇಕೆಂದು ನನ್ನಾಸೆ. ಮದುವೆಗೆ ಹತ್ತು ದಿನ ಇರುವಾಗ, ಒಡೆದ ನಾಲ್ಕು ಹಂಚು ಬದಲಿಸಿ ಬಾ ಎಂದು ಈರಮ್ಮನನ್ನು ಕಳಿಸಿದೆ. ಸಂಜೆ ಮನೆಗೆ ಬಂದವಳು ಕೂರಲಿಲ್ಲ.

"ಯಕ್ಕಾರ, ಅಲ್ಲಿ ಮದುವಿ ಬ್ಯಾಡ್ರಿ."

ಛಾವಣಿಯ ನೆತ್ತಿಯ ಸಾಲಿಗೆ ದಾರ ಹಿಡಿದು ನೋಡಿದ್ದಳಂತೆ. ನಡುವೆ ನಾಲ್ಕು ಬೆರಳು ಕುಸಿದಿತ್ತು. ಅದೇ ನೇರಕ್ಕೆ ಹಂಚುಗಳು ಬಾಯಿಬಿಟ್ಟಿದ್ದವು. ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಕಡೆ ಗಿಲಾವಿನಲ್ಲಿ ಬಿರುಕು, ಅದರಿಂದ ಹಿಟ್ಟಿನಂಥ ಪುಡಿ. ಗೋಡೆಯೊಳಗಿನ ತುದಿ ಗೆದ್ದಲು ತಿಂದಿದೆ ಎಂಬುದು ಆಕೆಯ ಅಂದಾಜು. ಒಡೆದು ನೋಡದೆ ಖಾತ್ರಿಯಿಲ್ಲ ಎಂದೂ ಆಕೆಯೇ ಹೇಳಿದಳು.

ಸಂಘದ ಅಧ್ಯಕ್ಷರು ದೇಸಾಯರು, ನಿವೃತ್ತ ಇಂಜಿನಿಯರು. ಅವರ ಬಳಿ ಓಡಿದೆ. ಮದುವೆಗೆಂದೇ ಬಣ್ಣ ಹೊಡೆಸಿದ ಗೋಡೆ ಒಡೆಯಲು ಅವರು ಒಪ್ಪಲಿಲ್ಲ. "ನಾ ಮೂವತ್ತು ವರ್ಷ ಕಟ್ಟಡಾ ಕಟ್ಟಿಸಿದಾಂವ ಇದ್ದೇನಿ. ಆ ನೆತ್ತಿ ನಾ ಸಣ್ಣಾಂವ ಇದ್ದಾಗಿಂದ ಹಂಗ ಅದ. ಇಟ್ಟಂಗಿ ಹೊರೋ ಹೆಣ್ಣುಮಗಳ ಮಾತು ಕೇಳಿ ಮಗಳ ಮದುವಿ ಕೆಡಿಸ್ತೀರೇನು?" ಎಂದರು. ಯಜಮಾನರೂ ಅವರ ಕಡೆಯೇ. ಪತ್ರಿಕೆಗಳು ಹಂಚಿಯಾಗಿದ್ದವು. ಬೀಗರು ಪುಣೆಯಿಂದ ಬರುವವರು. ಮೇ ತಿಂಗಳು, ಬೇರೆ ಭವನ ಯಾವುದೂ ಖಾಲಿಯಿಲ್ಲ.

ಈರಮ್ಮನನ್ನು ಕರೆದು ಕೇಳಿದೆ. "ನೀನು ಹೇಳಿದ್ದು ಸುಳ್ಳಾದರೆ?"

"ಸುಳ್ಳಾಗಲಿ ಅಂತನ ನಾನೂ ಬೇಡ್ಕೋತೀನ್ರಿ. ಆದ್ರ ಅದರ ಕೆಳಗ ಮುನ್ನೂರು ಮಂದಿ ಕುಂಡರೂದು ನಂಗ ನೋಡಾಕ ಆಗಾಂಗಿಲ್ಲ. ವಿದ್ಯಾ ಅಲ್ಲಿ ಕುಂಡರೂದಂತೂ ಆಗಾಂಗಿಲ್ಲ."

ಭವನಕ್ಕೆ ಬೀಗ ಹಾಕಿಸಿ, ಅದರ ಮುಂದಿನ ಅಂಗಳದಲ್ಲಿ ಚಪ್ಪರ ಹಾಕಿಸಿದೆ. ಮನೆಯಲ್ಲಿ ನನ್ನ ಜತೆ ಎರಡು ದಿನ ಯಾರೂ ಸರಿಯಾಗಿ ಮಾತನಾಡಲಿಲ್ಲ. ಮದುವೆಯ ದಿನ ಬಿಸಿಲು ಕಾಯ್ದಿತ್ತು. ಬೀಗರ ಕಡೆಯ ಹಿರಿಯರೊಬ್ಬರು ಬೆವರು ಒರೆಸಿಕೊಳ್ಳುತ್ತಾ, "ಇಷ್ಟು ದೊಡ್ಡ ಹಾಲ್ ಇಟ್ಟುಕೊಂಡು ನಮ್ಮನ್ನ ಬಿಸಿಲಿಗೆ ಕೂಡ್ರಸ್ಯಾರ" ಎಂದದ್ದು ನನ್ನ ಕಿವಿಗೆ ಬಿತ್ತು. ಹೊಸ ಇಳಕಲ್ಲ ಸೀರೆಯುಟ್ಟು ಬಂದಿದ್ದ ಈರಮ್ಮ, ಊಟಕ್ಕೆ ಕರೆದರೂ ಬರದೆ, ಭವನದ ಬಾಗಿಲ ಮುಂದೆಯೇ ನಿಂತಿದ್ದಳು. ನೆರಳಿಗೆಂದು ಜಗಲಿ ಹತ್ತಿದವರನ್ನೆಲ್ಲ ಕೈಮುಗಿದು ಕೆಳಗಿಳಿಸಿದಳು. ಭವನಕ್ಕೆ ಏನೂ ಆಗಲಿಲ್ಲ. ಒಂದು ಹಂಚೂ ಕೆಳಗೆ ಬೀಳಲಿಲ್ಲ. ಸಂಜೆ ಎಲ್ಲರೂ ಹೊರಟ ಮೇಲೆ ನಾನು ಚಪ್ಪರದಲ್ಲಿ ಒಬ್ಬಳೇ ಕುಳಿತು, ಮಗಳ ಮದುವೆಯನ್ನು ನಾನೇ ಕೆಡಿಸಿದೆನೇನೋ ಎಂದು ಅತ್ತೆ.

ನಾಲ್ಕನೆಯ ದಿನ ದೇಸಾಯರೇ ಗೋಡೆ ಒಡೆಸಲು ಹೇಳಿ ಕಳಿಸಿದರು. ಈರಮ್ಮನ ಮಾತು ಸುಳ್ಳೆಂದು ತೋರಿಸುವುದೇ ಅವರ ಮನಸ್ಸಿನಲ್ಲಿತ್ತು. ಸಂಘದ ಐದಾರು ಜನ ಸೇರಿದ್ದೆವು. ಗಿಲಾವು ಉದುರಿ ತೊಲೆಯ ತುದಿ ಕಂಡಿತು. ಹೊರಗಿನ ಭಾಗಕ್ಕೆ ಹೊಳೆಯುವ ಬಣ್ಣ, ತುದಿಯೂ ನೋಡಲು ಗಟ್ಟಿ. ದೇಸಾಯರು ಏಣಿ ಹತ್ತಿ, ಬಿಸಿಲಿಗೆಂದು ತಂದಿದ್ದ ಕೊಡೆಯ ಮೊನೆಯಿಂದ ಅದನ್ನು ತಿವಿದರು. ಮೊನೆ ಪೂರ್ತಿ ಒಳಗೆ ಹೋಯಿತು. ಹಿಂದಕ್ಕೆ ಎಳೆದಾಗ ಅದರ ಜತೆ ಹೊಟ್ಟಿನಂಥ ಪುಡಿ ಸುರಿದು ಅವರ ಬಿಳಿಯ ಅಂಗಿಯ ಮೇಲೆಲ್ಲ ಬಿತ್ತು. ದೇಸಾಯರು ಕೆಳಗಿಳಿದು, ಈರಮ್ಮನ ಎದುರು ನಿಂತರು.

"ನೀ ನನ್ನ ಕಣ್ಣು ತೆರಿಸಿದಿ, ಈರಮ್ಮ."

"ಬಣ್ಣ ಛಲೋ ಹೊಡದಿದ್ರಿ ಸಾಹೇಬ್ರ. ಯಾರಿಗಿ ಬೇಕಾದ್ರೂ ಮೋಸ ಆಗತೈತಿ" ಎಂದಳು. ಅಷ್ಟೇ. ಗೆದ್ದವಳ ದನಿಯಲ್ಲ ಅದು. ಆಮೇಲೆ ನನ್ನ ಕೈ ಹಿಡಿದುಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ. ಆ ನಾಲ್ಕು ದಿನ ಆಕೆಯೂ ನಿದ್ದೆ ಮಾಡಿರಲಿಲ್ಲ ಎಂದು ರೇಣುಕಾ ಹೇಳಿದಳು.

ಹೊಸ ಛಾವಣಿ ಯಾವುದಿರಬೇಕೆಂದು ಮಾತು ಬಂದಾಗ, ದೇಸಾಯರು ಸಭೆಯಲ್ಲಿ ಮೊದಲು ಈರಮ್ಮನನ್ನು ಕೇಳಿದರು. ಹಳೆಯ ಗೋಡೆ ಸ್ಲ್ಯಾಬಿನ ಭಾರ ಹೊರಲಾರದು, ತಗಡು ಹಾಕಿದರೆ ಮಳೆಯ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದು. ಕಬ್ಬಿಣದ ತೊಲೆ ಹಾಕಿ, ಅದೇ ಹಂಚುಗಳನ್ನು ತೊಳೆದು ಮತ್ತೆ ಹೊದಿಸಿ ಎಂದಳು. ಹಾಗೇ ಆಯಿತು. ದೇಸಾಯರು ದಿನವೂ ಬಂದು ಕುರ್ಚಿ ಹಾಕಿಕೊಂಡು ಕುಳಿತು, ಆಕೆ ಕೇಳಿದ ಅಳತೆಗಳನ್ನು ಬರೆದುಕೊಡುತ್ತಿದ್ದರು.

ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು ಲಿಂಗಂಪಲ್ಲಿಯ ಆಚೆಯ ಬಸ್ತಿಯಲ್ಲಿ. ಇಷ್ಟು ವರ್ಷದ ಮೇಲೆ ಆಕೆ ಸ್ವಂತಕ್ಕೆ ಎರಡು ಖೋಲಿಯ ಮನೆ ಕಟ್ಟಿಸುತ್ತಿದ್ದಳು. ಗೋಡೆ ಎದ್ದಿತ್ತು, ಮೇಲೆ ಆಕಾಶ. ಆಕೆಯ ಮೊಳಕಾಲು ಸವೆದು ಹೋಗಿದ್ದವು. ಏಣಿ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು. ತಂಡವನ್ನು ರೇಣುಕಾ ನಡೆಸುತ್ತಿದ್ದಳು. ಗೋಡೆಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಈರಮ್ಮ ನನ್ನನ್ನು ನೋಡಿ ನಕ್ಕಳು.

"ಇಷ್ಟು ಮಂದಿಗಿ ಹೇಳಿದಾಕಿ, ನನ್ನ ಮನಿಗಿ ಯಾವ ಮಾಳಿಗಿ ಹಾಕಬೇಕಂತ ತಿಳಿವಲ್ದಾಗೇತ್ರಿ. ಮಂದಿ ಮನಿಯಾದ್ರ ಪಟ್ನ ಹೇಳ್ತೀನಿ. ಇಲ್ಲಿ ಹಂಚೂ ಬೇಕನಸ್ತೈತಿ, ಗಚ್ಚೂ ಬೇಕನಸ್ತೈತಿ. ರೇಣುಕಾ ತಗಡು ಹಾಕಿ ಮುಗಸೂಣು ಅಂತಾಳ. ನೀವ ಹೇಳ್ರಿ."

ನಾನು ಯೋಚಿಸಿ, "ಹಂಚು ಹಾಕಿಸು. ನೀನು ಹತ್ತುವಂತಿಲ್ಲ. ಹತ್ತಲಾಗದ ಮಾಳಿಗೆ ಯಾಕೆ?" ಎಂದೆ.

ಆಕೆಯ ನಗು ಹೋಯಿತು. ತಲೆ ಎತ್ತಿ ಆ ಬರಿಯ ಗೋಡೆಗಳ ಮೇಲಂಚನ್ನೇ ನೋಡುತ್ತಾ ಕುಳಿತಳು. ಅಂದದ್ದು ತಪ್ಪಾಯಿತೆಂದು ನನಗೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ.

ಆ ಚಳಿಗಾಲ ನಾನು ಪುಣೆಯಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದೆ. ಎದೆಯಲ್ಲಿ ಕಫ ಕಟ್ಟಿ ನಾಲ್ಕೇ ದಿನದಲ್ಲಿ ಈರಮ್ಮ ಹೋದಳೆಂದು ರೇಣುಕಾ ಫೋನು ಮಾಡಿದಳು. ಹೊಸ ಮನೆಯಲ್ಲಿ ಮೂರು ತಿಂಗಳು ಇದ್ದಳಂತೆ. ನಾನು ಹಿಂದಿರುಗಿದ ಮರುದಿನವೇ ಲಿಂಗಂಪಲ್ಲಿಗೆ ಹೋದೆ.

ಮನೆಗೆ ಸ್ಲ್ಯಾಬು ಹಾಕಿಸಿ, ಮೇಲೆ ಗಚ್ಚು ಬಡಿಸಿದ್ದಳು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಹೊರಗಿನ ಮೆಟ್ಟಿಲು. ಅಂಥ ಮೆಟ್ಟಿಲನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ಒಂದೊಂದು ಮೆಟ್ಟಿಲೂ ನಾಲ್ಕೇ ಬೆರಳು ಎತ್ತರ, ಒಬ್ಬರು ಆರಾಮಾಗಿ ಕೂರುವಷ್ಟು ಅಗಲ. ಮನೆಯ ಎರಡು ಮಗ್ಗುಲನ್ನು ಸುತ್ತಿಕೊಂಡು ನಿಧಾನಕ್ಕೆ ಮೇಲೇರುತ್ತಿತ್ತು.

"ಮೇಸ್ತ್ರಿ ಬ್ಯಾಡ ಅಂದ್ರಿ" ಎಂದಳು ರೇಣುಕಾ. "ಮೆಟ್ಟಲಿಗೇ ಒಂದು ಖೋಲಿ ಜಾಗಾ ಹೋಗತೈತಿ ಅಂದ. ಅತ್ತಿ ಕೇಳಲಿಲ್ಲ. ಖೋಲಿ ಹೋಗಲಿ, ಮೊಳಕಾಲು ನೋಯೋರು ಹತ್ತೂವಂಗ ಇರಬೇಕು ಅಂದ್ಳು. ದಿನಾ ಸಂಜೀಕ ಹತ್ತತಿದ್ಳು. ಓಣ್ಯಾಗಿನ ಮುದುಕೇರೂ ಬರಾಕ ಹತ್ತಿದ್ರು. ಈಗೂ ಬರತಾರ. ಹೋಗ್ರಿ ಮ್ಯಾಲ."

ಹತ್ತಿದೆ. ನನ್ನ ಮೊಳಕಾಲುಗಳೂ ಈಗ ಮೊದಲಿನಂತಿಲ್ಲ, ಆದರೆ ಮೇಲೆ ಮುಟ್ಟುವವರೆಗೆ ಗೋಡೆ ಹಿಡಿಯಬೇಕೆಂದು ಅನಿಸಲಿಲ್ಲ. ಮಾಳಿಗೆಯ ಮೇಲೆ ಏಳೆಂಟು ವಯಸ್ಸಾದ ಹೆಂಗಸರು ಕಾಲು ಚಾಚಿಕೊಂಡು ಕುಳಿತಿದ್ದರು. ಒಬ್ಬಾಕೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ತೆಲುಗು, ಹಿಂದಿ, ಕನ್ನಡ ಎಲ್ಲ ಬೆರೆತ ಮಾತು ನಡೆದಿತ್ತು. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದರು.

"ಬರ್ರಿ, ಕುಂಡರ್ರಿ. ಈರಮ್ಮನ ಕಡೇರೇನು?" ಎಂದಳು ಮೆಣಸಿನಕಾಯಿಯಾಕೆ.

"ಹೌದು, ಈರಮ್ಮನ ಕಡೆಯವಳೇ" ಎಂದು ಅವರ ನಡುವೆ ಕುಳಿತೆ.